ಹುಂಜ ಕೂಗಿದ ಮೇಲೆ



ಪವಿತ್ರ ವಾರದಲ್ಲಿ ನಾವು ಆಲಿಸುವ ಯಾತನೆಯ ವೃತ್ತಾಂತದಲ್ಲಿ ಒಂದು ಹುಂಜದ ಕೂಗೂ ಇದೆ. ಯೇಸುಸ್ವಾಮಿಯನ್ನು ತಾನು ಅರಿಯೆನೆಂದು ಪೇತ್ರರು ಮೂರು ಸಲ ಹೇಳಿದರು, ಹುಂಜ ಕೂಗಿತು, ಅವರು ಹೊರಗೆ ಹೋಗಿ ಬಹಳವಾಗಿ ಅತ್ತರು. ಆ ಕಣ್ಣೀರನ್ನು ಲೊರೇನ್ ಪ್ರಾಂತ್ಯದ ಚಿತ್ರಕಾರ ಜಾರ್ಜ್ ದ ಲಾ ತೂರ್ 1645ರಲ್ಲಿ ಚಿತ್ರಿಸಿದ. ಆ ಚಿತ್ರ ಈಗ ಅಮೆರಿಕದ ಕ್ಲೀವ್‌ಲ್ಯಾಂಡ್ ಕಲಾ ಸಂಗ್ರಹಾಲಯದಲ್ಲಿದೆ.

ಪಾಪನಿವೇದನೆ ಒಂದು ಸಂಸ್ಕಾರವೇ ಎಂಬ ಪ್ರಶ್ನೆ ಆಗಿನ ಯೂರೋಪಿನ ಕ್ರೈಸ್ತರನ್ನು ಬೇರ್ಪಡಿಸಿತ್ತು. ಹೌದೆಂದು ಟ್ರೆಂಟ್ ಮಹಾಸಭೆ 1551ರಲ್ಲಿ ಸಾರಿತು. ಆ ಬಳಿಕ ಅಳುವ ಪೇತ್ರರನ್ನೂ ಮಗ್ದಲದ ಮರಿಯಳನ್ನೂ ಎಲ್ ಗ್ರೆಕೊ, ಗಿದೊ ರೇನಿಯಂಥ ಅನೇಕ ಕಲಾವಿದರು ಚಿತ್ರಿಸಿದರು. ಓದುಬರಹ ತಿಳಿಯದ ಭಕ್ತರಿಗೆ ಇಂಥ ಚಿತ್ರಗಳೇ ಧರ್ಮೋಪದೇಶವಾದವು.

ಲಾ ತೂರ್ ಕಂಡದ್ದು ಸುಖದ ಕಾಲವಲ್ಲ. ಮೂವತ್ತು ವರ್ಷಗಳ ಯುದ್ಧ ಲೊರೇನನ್ನು ಹಾಳುಗೆಡವಿತು. ಪ್ಲೇಗ್ ಬಂತು. ಅವನಿದ್ದ ಲ್ಯೂನೆವಿಲ್ ಪಟ್ಟಣ 1638ರಲ್ಲಿ ಬೆಂಕಿಗೆ ಆಹುತಿಯಾಯಿತು. ಮುಂದೆ ಅದೇ ಊರಿಗೆ ಮರಳಿ ಅವನು ಕುಂಚ ಹಿಡಿದ.

ಚಿತ್ರದಲ್ಲಿ ಪೇತ್ರರಿಗೆ ಪ್ರಭಾವಳಿಯಿಲ್ಲ. ಕೈಜೋಡಿಸಿ ಕುಳಿತ ಒಬ್ಬ ಮುದುಕ, ಪಕ್ಕದಲ್ಲಿ ಹುಂಜ, ಕಾಲ ಬಳಿ ನೆಲದ ಮೇಲೆ ಒಂದು ಲಾಂದ್ರ. ಲಾಂದ್ರದ ಬೆಳಕು ಅವರ ಕಾಲುಗಳನ್ನಷ್ಟೇ ಬೆಳಗುತ್ತದೆ. ಒದ್ದೆಗಣ್ಣಿನ ಆ ಮುಖದ ಮೇಲಿನ ಬೆಳಕು ಬೇರೆ ಎಲ್ಲಿಂದಲೋ ಬರುತ್ತದೆ. ಅದರ ಮೂಲ ನಮಗೆ ಕಾಣದು. ಪ್ರಭು ತಿರುಗಿ ಪೇತ್ರರನ್ನು ನೋಡಿದರೆಂದು ಸಂತ ಲೂಕರು ಬರೆದಿದ್ದಾರೆ. ಆ ನೋಟವೇ ಈ ಬೆಳಕು ಎಂದು ನನಗೆ ಅನಿಸುತ್ತದೆ. ಯೂದನೂ ತನ್ನ ತಪ್ಪಿಗೆ ಮರುಗಿದ. ಆದರೆ ನಿರಾಶೆಗೆ ಶರಣಾದ. ಪೇತ್ರರು ಆ ನೋಟವನ್ನು ನಂಬಿ ಅತ್ತರು.

ಇನ್ನೊಂದು ಸಂಗತಿ. ಈ ಚಿತ್ರ ಬರೆದ ಮರುವರ್ಷವೇ, 1646ರಲ್ಲಿ, ಊರಿನವರು ಲಾ ತೂರ್ ಮೇಲೆ ದೂರು ಕೊಟ್ಟರು: ತಾನೇ ಊರೊಡೆಯನೆಂಬಂತೆ ನಾಯಿಗಳನ್ನು ಸಾಕಿ, ಮೊಲ ಬೇಟೆಯಾಡುತ್ತಾ ಬೆಳೆ ತುಳಿಸುತ್ತಾನೆಂದು! ಪಶ್ಚಾತ್ತಾಪವನ್ನು ಅಷ್ಟು ಚೆನ್ನಾಗಿ ಬಲ್ಲವನೂ ನೆರೆಯವರ ಹೊಲವನ್ನು ಮರೆತಿದ್ದ. ಪ್ರತಿವರ್ಷ ಪ್ರವಚನ ನೀಡುವ ನನ್ನಂಥ ಗುರುವಿಗೂ, ಪ್ರತಿವರ್ಷ ಅದನ್ನು ಕೇಳುವ ನಿಮಗೂ ಇದು ಎಚ್ಚರಿಕೆ.

ಪಾಪನಿವೇದನೆಯ ಪೀಠದ ಮುಂದೆ ಮೊಣಕಾಲೂರುವಾಗ ನಾಚಿಕೆ ಸಹಜ. ನಮ್ಮ ಕೈಯ ಲಾಂದ್ರ ಕಾಲಡಿಯ ಕೆಸರನ್ನಷ್ಟೇ ತೋರಿಸುತ್ತದೆ. ಮುಖವೆತ್ತೋಣ, ಪ್ರಭು ಆಗಲೇ ತಿರುಗಿ ನೋಡುತ್ತಿದ್ದಾರೆ. ಎದ್ದ ಮೇಲೆ, ನಾವು ತುಳಿದ ಹೊಲದ ಒಡೆಯನ ಮನೆಗೂ ಹೋಗಿಬರೋಣ.