ಎಣ್ಣೆ ಕಾಯಿಸಿದವರು

ವಿಮಾನದ ಚರಿತ್ರೆಯೆಂದರೆ ಸಾಗರ ದಾಟಿದ ವೀರರ ಹೆಸರುಗಳೇ ನಮ್ಮ ನಾಲಗೆಗೆ ಬರುತ್ತವೆ. ನನಗಾದರೋ, 1920–30ರ ದಶಕಗಳಲ್ಲಿ ಕೆನಡಾದ ಉತ್ತರದ ಕಾಡುಗಳಲ್ಲಿ ದುಡಿದ ಮೆಕ್ಯಾನಿಕ್‌ಗಳ ಮೇಲೆಯೇ ಅಭಿಮಾನ ಹೆಚ್ಚು. ಅಲ್ಲಿಯ ಚಳಿ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯುವುದುಂಟು. ಆಗ ಇಂಜಿನಿನೊಳಗಿನ ಎಣ್ಣೆ ಮಂದವಾಗಿ ಅಂಟಿನಂತಾಗುತ್ತದೆ; ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು ಆಗದ ಮಾತು. ಆದ್ದರಿಂದ ಸಂಜೆ ವಿಮಾನ ಇಳಿದೊಡನೆ, ಬಿಸಿ ಆರುವ ಮೊದಲೇ, ಎಣ್ಣೆಯನ್ನು ಡಬ್ಬಕ್ಕೆ ಬಸಿದು ಬಿಡಾರದೊಳಗೆ ಒಯ್ಯುತ್ತಿದ್ದರು. ಬೆಳಗಿನ ಜಾವ ಇಂಜಿನಿಗೆ ಕ್ಯಾನ್ವಾಸಿನ ಮುಸುಕು ಹೊದಿಸಿ, ಅದರೊಳಗೆ ಸ್ಟೌ ಹಚ್ಚಿ, ಒಬ್ಬ ಕಾವಲು ಕೂರಬೇಕು. ಅವನು ಮೈಮರೆತರೆ ವಿಮಾನವೇ ಬೂದಿ! ಇಂಜಿನು ಬೆಚ್ಚಗಾದ ಮೇಲೆ, ಒಲೆಯ ಮೇಲೆ ಕಾಯಿಸಿದ ಎಣ್ಣೆಯನ್ನು ಸುರಿದು ಹೊರಡುವುದು.

1929ರ ಜನವರಿಯಲ್ಲಿ ವಾಪ್ ಮೇ, ವಿಕ್ ಹಾರ್ನರ್ ಎಂಬ ಇಬ್ಬರು ಎಡ್ಮಂಟನ್ನಿನಿಂದ ಫೋರ್ಟ್ ವರ್ಮಿಲಿಯನ್ನಿಗೆ ಗಂಟಲಮಾರಿಯ ಮದ್ದನ್ನು ಒಯ್ದರು. ತೆರೆದ ಆಸನದ ಪುಟ್ಟ ಏವ್ರೋ ಏವಿಯನ್ ವಿಮಾನ. ದಾರಿ ಎರಡು ದಿನದ್ದು. ಮದ್ದು ಹೆಪ್ಪುಗಟ್ಟದಿರಲೆಂದು ಅದಕ್ಕೂ ಒಂದು ಇದ್ದಿಲ ಅಗ್ಗಿಷ್ಟಿಕೆ ಇಟ್ಟಿದ್ದರು. ಸಾಹಸವೆಂದು ಲೋಕ ಕೊಂಡಾಡಿತು, ನ್ಯಾಯವೇ. ಆದರೆ ಅಂಥ ನಾಡಿನಲ್ಲಿ ರೋಗಿಯ ಉಸಿರು ಎಷ್ಟೋ ಸಲ ಆ ಎಣ್ಣೆಡಬ್ಬದ ಕಾವನ್ನೇ ನಂಬಿತ್ತೆಂಬುದನ್ನು ನಾವು ಮರೆಯಬಾರದು.