ಕೋವಿಡ್ ನಿಯಮ ಯಾರಿಗೆ? ದಂಡ, ಕರ್ಫ್ಯೂ, ಪಾದಯಾತ್ರೆಯ ಲೆಕ್ಕ

‘ನಮ್ ಜನ ರೂಲ್ಸ್ ಪಾಲಿಸಲ್ಲ’ ಅನ್ನೋದು ಕೋವಿಡ್ ಬಗ್ಗೆ ಚರ್ಚೆ ಬಂದಾಗಲೆಲ್ಲ ಕೇಳಿಬರುವ ಮಾತು. ನನ್ನ ಪ್ರಕಾರ ಇದು ಅರ್ಧ ಸತ್ಯ. ಕರ್ನಾಟಕದಲ್ಲಿ ರೂಲ್ಸ್ ಮಾಡಿದವರು ಹೇಗೆ ನಡ್ಕೊಂಡ್ರು ಅನ್ನೋದನ್ನೂ ದಿನಾಂಕ ಸಮೇತ ನೋಡೋಣ.

ಕಾನೂನು ಏನಿತ್ತು?

ಆದೇಶಗಳಿಗೆ ಮುಖ್ಯ ಆಧಾರ ಎರಡು: ಕೇಂದ್ರದ ವಿಪತ್ತು ನಿರ್ವಹಣಾ ಕಾಯ್ದೆ 2005, ರಾಜ್ಯದ ಸಾಂಕ್ರಾಮಿಕ ರೋಗಗಳ ಕಾಯ್ದೆ 2020. ಎರಡರಲ್ಲೂ ರಾಜಕೀಯ ಪಕ್ಷಗಳಿಗೆ ವಿನಾಯಿತಿ ಇಲ್ಲ.

ಆದೇಶಗಳು ನಿಂತವಾ?

2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕ್ ದಂಡ ನಗರಗಳಲ್ಲಿ 1,000 ರೂಪಾಯಿ, ಉಳಿದ ಕಡೆ 500 ರೂಪಾಯಿ ಆಯ್ತು. ವಿರೋಧ ಬಂದ ಮೇಲೆ ಕೆಲವೇ ದಿನಗಳಲ್ಲಿ 250 ಮತ್ತು 100ಕ್ಕೆ ಇಳಿಯಿತು. ಅದೇ ಡಿಸೆಂಬರ್ 23ರಂದು ಯಡಿಯೂರಪ್ಪ ಸರ್ಕಾರ ರಾತ್ರಿ ಕರ್ಫ್ಯೂ ಘೋಷಿಸಿ, ಮರುದಿನ, ಅದು ಜಾರಿಯಾಗುವ ಮೊದಲೇ ವಾಪಸ್ ಪಡೆಯಿತು.

ಪಕ್ಷಗಳು ಏನು ಮಾಡಿದವು?

2021ರ ಜನವರಿ 17ರಂದು ಬೆಳಗಾವಿಯಲ್ಲಿ ಅಮಿತ್ ಶಾ ಭಾಗವಹಿಸಿದ್ದ ಬಿಜೆಪಿ ಸಮಾವೇಶ ನಡೆಯಿತು. ನಿಯಮ ಮುರಿದದ್ದಕ್ಕೆ ಎಫ್‌ಐಆರ್ ಯಾಕಿಲ್ಲ ಅಂತ ಆಮೇಲೆ ಹೈಕೋರ್ಟ್ ಪೊಲೀಸರನ್ನು ಕೇಳಬೇಕಾಯಿತು.

ಮರುವರ್ಷ ಕಾಂಗ್ರೆಸ್ ಸರದಿ. ಓಮಿಕ್ರಾನ್ ಹರಡುತ್ತಿದ್ದಾಗ ಬೊಮ್ಮಾಯಿ ಸರ್ಕಾರ ವಾರಾಂತ್ಯ ಕರ್ಫ್ಯೂ ತಂದಿತು. ಮೊದಲ ಕರ್ಫ್ಯೂ ಭಾನುವಾರವೇ, ಅಂದರೆ 2022ರ ಜನವರಿ 9ರಂದು, ಮೇಕೆದಾಟು ಪಾದಯಾತ್ರೆ ಸಂಗಮದಿಂದ ಹೊರಟಿತು. ‘ಇದು ನಮ್ಮನ್ನು ತಡೆಯೋಕೆ ತಂದ ಕರ್ಫ್ಯೂ’ ಅನ್ನೋದು ಕಾಂಗ್ರೆಸ್ ಆರೋಪ. ಸರ್ಕಾರ ಕೇಸ್ ಹಾಕಿತು, ಆದರೆ ನಡಿಗೆ ನಿಲ್ಲಿಸಲಿಲ್ಲ. ಹೈಕೋರ್ಟ್ ಎರಡೂ ಕಡೆಯವರನ್ನು ತರಾಟೆಗೆ ತಗೊಂಡ ಮೇಲೆ ನಿಷೇಧದ ಆದೇಶ ಬಂತು. ಜನವರಿ 13ರಂದು ರಾಮನಗರದಲ್ಲಿ ಪಾದಯಾತ್ರೆ ನಿಂತಿತು. ಜನವರಿ 21ರಂದು ವಾರಾಂತ್ಯ ಕರ್ಫ್ಯೂ ಕೂಡ ಹೋಯ್ತು.

ಇದರಿಂದ ನಷ್ಟ ಯಾರಿಗೆ?

ಆ ವಾರಾಂತ್ಯ ಅಂಗಡಿ ಮುಚ್ಚಿದವರು, ದಿನಗೂಲಿ ಕಳ್ಕೊಂಡವರು ಟಿವಿಯಲ್ಲಿ ಸಾವಿರಾರು ಜನರ ಮೆರವಣಿಗೆ ನೋಡ್ತಾ ಇದ್ರು. ಸೋಂಕು ಪಕ್ಷ ನೋಡಿ ಬರಲ್ಲ. ಮಾಸ್ಕ್, ಅಂತರ ಎರಡೂ ಬೇಕಿದ್ದವು. ಆದರೆ ನಿಯಮ ಎಲ್ಲರಿಗೂ ಒಂದೇ ಅಂತ ಕಾಣದಿದ್ದರೆ, ಅದನ್ನು ನಂಬಿ ಪಾಲಿಸಿದವರಿಗೇ ಮೋಸ ಹೋದ ಹಾಗಾಗುತ್ತೆ. ಮುಂದಿನ ಸಲ ಅವರು ನಂಬೋದು ಕಷ್ಟ.

ಹಾಗಾಗಿ ಮುಂದೆ ಇಂಥ ಆದೇಶ ಬಂದಾಗ ಮೂರು ಪ್ರಶ್ನೆ ಕೇಳಿ: ತಜ್ಞರ ಸಲಹೆಯನ್ನು ಬಹಿರಂಗ ಮಾಡಿದ್ದಾರಾ? ಆಡಳಿತ ಪಕ್ಷದ ಸಭೆಗೂ ಇದು ಅನ್ವಯಿಸುತ್ತಾ? ದುಡಿಮೆ ನಿಂತವರಿಗೆ ಪರಿಹಾರ ಎಷ್ಟು? ನೀವು ಬೆಂಬಲಿಸೋ ಪಕ್ಷ ಅಧಿಕಾರದಲ್ಲಿದ್ದಾಗಲೂ ಕೇಳಿ.