ಸರ್ಪಗಂಧದ ಬೇರು, ಖಿನ್ನತೆಯ ಜಾಡು

ನಮ್ಮ ಶಿವಮೊಗ್ಗ, ಭದ್ರಾವತಿಯ ಮೊಹಲ್ಲಾಗಳಲ್ಲಿ ಯಾರಾದರೂ ಊಟ, ನಿದ್ದೆ ಬಿಟ್ಟು ಮಂಕಾಗಿ ಕುಳಿತರೆ 'ಅಸರ್ ಆಗಿದೆ' ಎನ್ನುವವರು ಇಂದಿಗೂ ಇದ್ದಾರೆ. ಆಸ್ಪತ್ರೆಗೆ ಹೋಗಿ ಬಂದವರು 'ಮಿದುಳಿನಲ್ಲಿ ಕೆಮಿಕಲ್ ಕಮ್ಮಿಯಂತೆ' ಎನ್ನುತ್ತಾರೆ. ಈ ಎರಡನೆಯ ಮಾತಿನ ಮೂಲ ಹುಡುಕುತ್ತಾ ಹೊರಟರೆ ನಾವು ಪಶ್ಚಿಮಘಟ್ಟದ ಕಾಡಿನಲ್ಲೂ ಬೆಳೆಯುವ ಒಂದು ಗಿಡದ ಬುಡಕ್ಕೆ ಬಂದು ನಿಲ್ಲುತ್ತೇವೆ. ಅದು ಸರ್ಪಗಂಧ; ಯುನಾನಿ ಹಕೀಮರ ಅಸ್ರೋಲ್.

ಕೆರಳಿದ ಮನೋರೋಗಿಗಳನ್ನು ಶಾಂತಗೊಳಿಸಲು ಈ ಬೇರನ್ನು ಕೊಡುವುದು ಹಳೆಯ ಪದ್ಧತಿ. ಇಂಥ ಮೂಲಿಕೆಗಳನ್ನು ಆಧುನಿಕ ರಸಾಯನಶಾಸ್ತ್ರದ ಒರೆಗೆ ಹಚ್ಚಬೇಕೆಂದು ಬಯಸಿದವರು ದೆಹಲಿಯ ತಿಬ್ಬಿಯಾ ಕಾಲೇಜಿನ ಹಕೀಮ್ ಅಜ್ಮಲ್ ಖಾನ್. ಅವರು 1927ರಲ್ಲಿ ತೀರಿಕೊಂಡರು. ಜರ್ಮನಿಯಲ್ಲಿ ಕಲಿತು ಬಂದಿದ್ದ ಸಲೀಮುಜ್ಜಮಾನ್ ಸಿದ್ದೀಕಿ 1931ರಲ್ಲಿ ಆ ಬೇರಿನಿಂದ ಒಂದು ಸತ್ವವನ್ನು ಬೇರ್ಪಡಿಸಿ, ಗುರುಹಿರಿಯನ ನೆನಪಿಗೆ 'ಅಜ್ಮಲೀನ್' ಎಂದು ಹೆಸರಿಟ್ಟರು. ಹೆಸರಿಡುವುದರಲ್ಲೂ ಎಂಥ ತಹಜೀಬ್! 1949ರಲ್ಲಿ ಮುಂಬಯಿಯ ಡಾ. ರುಸ್ತುಂ ವಕೀಲರು ಸರ್ಪಗಂಧ ರಕ್ತದೊತ್ತಡವನ್ನು ಇಳಿಸುವುದನ್ನು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತು ಇತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಅದೇ ಬೇರಿನಿಂದ ರೆಸರ್ಪಿನ್ ತೆಗೆದರು.

ರಕ್ತದೊತ್ತಡಕ್ಕೆಂದು ರೆಸರ್ಪಿನ್ ನುಂಗಿದ ಕೆಲವರು ಮಾತ್ರ ಖಿನ್ನರಾದರು. ಅತ್ತ ಪ್ರಯೋಗಶಾಲೆಯ ಪ್ರಾಣಿಗಳಲ್ಲಿ, ನರಕೋಶಗಳ ನಡುವೆ ಸುದ್ದಿ ಒಯ್ಯುವ ಸೆರೊಟೋನಿನ್, ನಾರಡ್ರಿನಲಿನ್‌ಗಳನ್ನು ಈ ಔಷಧಿ ಬರಿದು ಮಾಡುತ್ತಿತ್ತು. ಎರಡನ್ನೂ ಜೋಡಿಸಿದಾಗ ಊಹೆಯೊಂದು ಹುಟ್ಟಿತು: ಖಿನ್ನತೆ ಎಂದರೆ ಈ ರಾಸಾಯನಿಕಗಳ ಕೊರತೆ. 1965ರಲ್ಲಿ ಅಮೆರಿಕದ ಜೋಸೆಫ್ ಶಿಲ್ಡ್‌ಕ್ರೌಟ್ ನಾರಡ್ರಿನಲಿನ್ ಕುರಿತು ಇದನ್ನು ಸಿದ್ಧಾಂತವಾಗಿ ಮಂಡಿಸಿದರು.

ಈ ಊಹೆ ಉಪಕಾರ ಮಾಡಿತು. ಶಾಪ, ಪಾಪ, ದುರ್ಬಲ ಈಮಾನ್ ಎಂಬ ಆರೋಪಗಳಿಂದ ರೋಗಿಗೆ ಬಿಡುಗಡೆ ಸಿಕ್ಕಿತು. ನಮ್ಮ ಶಿವಮೊಗ್ಗದಲ್ಲೇ ಡಾ. ಅಶೋಕ್ ಪೈ 2016ರಲ್ಲಿ ತೀರಿಕೊಳ್ಳುವವರೆಗೂ ಮನೋರೋಗವೂ ಒಂದು ರೋಗವೆಂದು ಹೇಳುತ್ತಲೇ ಬಂದರು. 1988ರ 'ಕಾಡಿನ ಬೆಂಕಿ'ಯಂಥ ಸಿನಿಮಾಗಳ ಹಿಂದೆಯೂ ಅವರಿದ್ದರು.

ಆದರೆ ಊಹೆ ಪೂರ್ತಿ ನಿಲ್ಲಲಿಲ್ಲ. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸೆರೊಟೋನಿನ್ ಮೇಲೆ ಅದರ ಕೆಲಸ ಶುರುವಾಗುತ್ತದೆ. ಗುಣ ಕಾಣಲು ವಾರಗಳು ಬೇಕು. ಸೆರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣವೆನ್ನಲು ಗಟ್ಟಿ ಪುರಾವೆಯಿಲ್ಲವೆಂದು 2022ರ ದೊಡ್ಡ ಸಮೀಕ್ಷೆಯೊಂದು ಹೇಳಿತು. ಅದರ ಮೇಲೂ ತಜ್ಞರ ಜಗಳ ಮುಗಿದಿಲ್ಲ. ನಾವಂತೂ ಭದ್ರಾವತಿಯವರನ್ನು ನೋಡುತ್ತೇವೆ. 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. ಸಂಬಳ ನಿಂತ ಮನೆಯ ಯಜಮಾನ ಮೂಲೆ ಹಿಡಿದರೆ ಕೊರತೆ ಅವನ ಮಿದುಳಿನೊಳಗೆ ಮಾತ್ರ ಇದೆಯೆನ್ನಲು ಮನಸ್ಸು ಒಪ್ಪುವುದಿಲ್ಲ.

ಹಾಗೆಂದು ಮಾತ್ರೆ ಸುಳ್ಳಲ್ಲ. ಎಷ್ಟೋ ಜನರನ್ನು ಅದು ಮತ್ತೆ ಎದ್ದು ಓಡಾಡುವಂತೆ ಮಾಡಿದೆ. ಐದು ದಿನ ನುಂಗಿ 'ಏನೂ ಆಗಲಿಲ್ಲ' ಎಂದು ಡಬ್ಬಿಯನ್ನು ಅಟ್ಟಕ್ಕೆ ಎಸೆಯುವವರಿಗೆ, ಆ ಎರಡು ಮೂರು ವಾರಗಳ ಲೆಕ್ಕವನ್ನು ಯಾರಾದರೂ ಮೊದಲೇ ಹೇಳಬೇಕು.